ಬಾತುಕೋಳಿಯ ಮಟ್ಟು

ಕವೆಂಟ್ರಿ
3 ಫೆಬ್ರವರಿ 1957

ಪ್ರೀತಿಯ ನೋರೀನ್,

ಸಮುದ್ರ ದಾಟಿ ಇಲ್ಲಿಗೆ ಬಂದು ನಾಲ್ಕು ವಾರವಾದ ಮೇಲೆ ಬರೆಯುತ್ತಿದ್ದೇನೆ. ಬೈದುಕೊಂಡಿರುತ್ತೀಯ. ಬೈಯುವಾಗ ನಿನ್ನ ಮೂಗಿನ ತುದಿ ಕೆಂಪಾಗುವುದು ಇಲ್ಲಿಂದಲೇ ಕಾಣುತ್ತಿದೆ.

ಕಾರ್ಖಾನೆಯಲ್ಲಿ ಕಾರಿನ ಸೀಟುಗಳನ್ನು ಹೊಲಿಯುವ ಕೆಲಸ. ಒಂದು ಸಾಲಿಗೆ ನಲವತ್ತು ಹೆಂಗಸರು, ಅದರಲ್ಲಿ ಹದಿನೈದು ಮಂದಿ ನಮ್ಮ ಐರ್ಲೆಂಡಿನವರೇ. ದಾರ ಎಷ್ಟು ದಪ್ಪವೆಂದರೆ, ಪಿಟೀಲಿನ ತಂತಿ ನನ್ನ ಬೆರಳ ತುದಿಯಲ್ಲಿ ಮಾಡಿದ್ದ ಗಟ್ಟಿ ಚರ್ಮದ ಮೇಲೆ ಈಗ ಇನ್ನೊಂದು ಪದರ ಬಂದಿದೆ. ಮೇಯೋ ಕಡೆಯ ಮಿಸೆಸ್ ರೂವೇನ್ ಅವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಒಳ್ಳೆಯ ಹೆಂಗಸು. ಭಾನುವಾರ ಹಂದಿಮಾಂಸ, ಎಲೆಕೋಸು ಮಾಡಿ ಬಡಿಸುತ್ತಾರೆ. ಕೋಸು ಮಾತ್ರ ಅರ್ಧ ಬೆಂದಿರುತ್ತದೆ.

ಸಂಗೀತ ಉಂಟೋ ಎಂದು ಕೇಳುತ್ತೀಯ. ಧಾರಾಳ ಉಂಟು. ಪ್ರತಿ ಶನಿವಾರ ಚರ್ಚಿನ ಹಿಂದಿನ ಹಾಲ್‌ನಲ್ಲಿ ಎಂಟು ಹತ್ತು ಜನ ಸೇರುತ್ತಾರೆ. ಗಾಲ್ವೇಯವನೊಬ್ಬ ಕೊಳಲು ನುಡಿಸುತ್ತಾನೆ. ನನ್ನನ್ನು ಮುಂದೆ ಕರೆದು ಕೂರಿಸಿಕೊಳ್ಳುತ್ತಾರೆ. ಏನೂ ಕೊರತೆಯಿಲ್ಲ.

ಸೆನನ್ ಸಮಾಧಿಗೆ ಕಲ್ಲು ಹಾಕಿದರೇ? ಊರಿನ ಅರ್ಧ ಗೋಡೆಗಳನ್ನು ಕಟ್ಟಿದವನು, ನಮ್ಮಿಬ್ಬರ ಕೈಗೆ ಒಂಬತ್ತನೇ ವಯಸ್ಸಿಗೆ ಪಿಟೀಲಿನ ಕಮಾನು ಕೊಟ್ಟವನು. ಅವನ ತಲೆಯ ಹತ್ತಿರ ಬರೀ ಮರದ ಶಿಲುಬೆ ನೋಡಿ ಬಂದದ್ದು ಮನಸ್ಸಿಗೆ ಚುಚ್ಚುತ್ತಿದೆ.

ಗುರುವಾರ ಸಂಜೆ ನಿಮ್ಮ ಅಡುಗೆಮನೆಗೆ ಯಾರೆಲ್ಲ ಬರುತ್ತಾರೆ? ಕಿಟಕಿಯ ಪಕ್ಕ, ನನ್ನ ಜಾಗದಲ್ಲಿ ಯಾರೂ ಕೂರುತ್ತಿಲ್ಲ ತಾನೆ? ಸುಮ್ಮನೆ ಕೇಳಿದೆ.

ನಿನ್ನ
ಡಿಂಪ್ನಾ


ಕ್ಲೂನ್‌ರೋ, ಕ್ಲೇರ್
22 ಫೆಬ್ರವರಿ 1957

ಡಿಂಪ್ನಾ,

ನಾಲ್ಕು ವಾರವಲ್ಲ, ನಿನ್ನ ಕಾಗದ ನನ್ನ ಕೈ ಸೇರುವಾಗ ಐದು ವಾರವಾಗಿತ್ತು. ಮೂಗು ಕೆಂಪಾಗಿದ್ದು ನಿಜ.

ಸೆನನ್‌ಗೆ ಕಲ್ಲು ಇನ್ನೂ ಬಂದಿಲ್ಲ. ಅಣ್ಣ ಫ್ಲಾನ್ ವಾರಕ್ಕೊಮ್ಮೆ ಹೋಗಿ ಹುಲ್ಲು ಕಿತ್ತು ಬರುತ್ತಾನೆ.

ಕಿಟಕಿಯ ಪಕ್ಕದ ಜಾಗದಲ್ಲಿ ಈಗ ಈಟಾ ಮ್ಯಾರಿನನ್ ಕೂರುತ್ತಾರೆ. ಮುಚ್ಚಿಡುವುದೇಕೆ? ಸೇತುವೆ ಹತ್ತಿರದ ಅಂಗಡಿಯನ್ನು ಹೊಸದಾಗಿ ನಡೆಸುತ್ತಿರುವ ವಿಧವೆ. ನಲವತ್ತನಾಲ್ಕು ವಯಸ್ಸು. ಗಂಡ ತೀರಿಕೊಂಡ ಮೇಲೆ ಅತ್ತೆಯ ಹಳೆಯ ಕಾನ್ಸರ್ಟಿನಾ ಹಿಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಆರು ಮೂಲೆಯ ಆ ತಿದಿಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ತಾವೇ ಕಲಿತಿದ್ದಾರೆ. ಕಲಿತು ಮೂರೇ ವರ್ಷ. ಬರುವುದು ಒಂದು ಮೂವತ್ತು ಮಟ್ಟುಗಳು, ಅದರಲ್ಲೂ ತಪ್ಪುತ್ತಾರೆ.

ಆದರೆ ಅವರು ಬಂದ ಮೂರನೇ ಗುರುವಾರ ಅದು ಬಂತು.

ನಾನು ಯಾವುದನ್ನು ಹೇಳುತ್ತಿದ್ದೇನೆಂದು ನಿನಗೆ ಗೊತ್ತು. ನಾವಿಬ್ಬರೂ ಅದಕ್ಕೆ ಹೆಸರಿಟ್ಟಿಲ್ಲ. ಸಾವಿರ ಸಲ ನುಡಿಸಿದ ಮಾಮೂಲಿ ಜಿಗ್ ಕುಣಿತದ ಮಟ್ಟೇ. ಎರಡನೇ ಸುತ್ತಿನಲ್ಲಿ ಕೈಯಿಂದ ಭಾರ ಇಳಿದುಹೋಯಿತು. ಕಮಾನನ್ನು ನಾನು ಎಳೆಯುತ್ತಿರಲಿಲ್ಲ, ಅದು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಯಾವುದು ಪಿಟೀಲು, ಯಾವುದು ಕಾನ್ಸರ್ಟಿನಾ ಎಂದು ಬಿಡಿಸಿ ಹೇಳಲಾಗುತ್ತಿರಲಿಲ್ಲ. ನಾವು ನುಡಿಸುವಾಗ ಎಂದೂ ಪೇಪರಿನಿಂದ ತಲೆಯೆತ್ತದ ಫ್ಲಾನ್ ಪೇಪರ್ ಮಡಿಸಿಟ್ಟ. ಮುಗಿದ ಮೇಲೆ ಈಟಾ ತಮ್ಮ ಕೈ ತಿರುಗಿಸಿ ನೋಡಿಕೊಂಡು, "ಇದೇನಮ್ಮ ಆಗಿದ್ದು?" ಎಂದು ಕೇಳಿದರು. ನಮಗೆ ಹದಿನೇಳು ವರ್ಷದಲ್ಲಿ ಅದು ಬಂದಿದ್ದು ನಾಲ್ಕೇ ಸಲ, ಅಲ್ಲವೇ?

ಇನ್ನೊಂದು ವಿಷಯ. ಜೂನ್‌ನಲ್ಲಿ ಡಬ್ಲಿನ್ನಿನ ರೇಡಿಯೋದವರು ವ್ಯಾನ್ ತಂದು ನಮ್ಮ ಕಡೆಯವರ ನುಡಿಕೆಯನ್ನು ಮುದ್ರಿಸಿಕೊಳ್ಳುತ್ತಾರಂತೆ. ಈಟಾ ಮತ್ತು ನಾನು ಹೆಸರು ಕೊಟ್ಟಿದ್ದೇವೆ. ಸೆನನ್ ನಿನಗೊಬ್ಬಳಿಗೇ ಕಲಿಸಿದ ಆ ರೀಲ್ ಕುಣಿತದ ಮಟ್ಟು, 'ಬಾಗಿಲಲ್ಲಿ ಬಾತುಕೋಳಿ', ಅದನ್ನು ಬರೆದು ಕಳಿಸು. ಅವನ ಹೆಸರು ಹೇಳಿ ನುಡಿಸುತ್ತೇವೆ. ಕಲ್ಲಿಲ್ಲದಿದ್ದರೆ ಅದಾದರೂ ಉಳಿಯಲಿ.

ನೋರೀನ್


ಕವೆಂಟ್ರಿ
6 ಮಾರ್ಚ್ 1957

ನೋರೀನ್,

ನಾಲ್ಕು ಸಲವಲ್ಲ, ಐದು. ಮಳೆಗೆ ಸಿಕ್ಕಿ ಹುಲ್ಲಿನ ಕೊಟ್ಟಿಗೆ ಹೊಕ್ಕು, ಒಣಗುವ ತನಕ ನುಡಿಸುತ್ತಾ ಕೂತಿದ್ದು ಮರೆತೆಯಾ? ಹಸುಗಳು ಮೇವು ಬಿಟ್ಟು ನಮ್ಮ ಕಡೆ ತಿರುಗಿ ನಿಂತಿದ್ದವು. ಅದು ನಿನಗೆ ಲೆಕ್ಕಕ್ಕಿಲ್ಲವೆಂದರೆ ಇರಲಿ ಬಿಡು.

ಮೂರು ವರ್ಷಕ್ಕೆ ಮೂವತ್ತು ಮಟ್ಟು ಕಲಿತವಳಿಗೆ ಮೂರನೇ ಗುರುವಾರವೇ ಅದು ಬಂತೆಂದರೆ ಅದು ನಿಜವಾಗಿ ಅದೇ ಹೌದೋ ಅಲ್ಲವೋ ನೋಡು. ಊಟ ಹೆಚ್ಚಾದಾಗಲೂ ಕೈಗೆ ಒಂದು ಥರ ಜೋಂಪು ಹಿಡಿಯುತ್ತದೆ. ಅಂಗಡಿಯವಳು ಸಕ್ಕರೆ ತೂಗುವ ಹಾಗೆ ಸ್ವರ ತೂಗಿ ಕೊಟ್ಟಿರುತ್ತಾಳೆ. ನಿನಗೋ ಯಾರು ಪಕ್ಕದಲ್ಲಿ ಕೂತರೂ ಸಂತೋಷ.

ಬಾತುಕೋಳಿಯ ವಿಷಯಕ್ಕೆ ಬಂದರೆ, ಅದನ್ನು ಯಾರಿಗಾದರೂ ಕೊಡು ಎಂದು ಸೆನನ್ ನನಗೆ ಹೇಳಿರಲಿಲ್ಲ. ಕೊಡಬೇಕೆಂದಿದ್ದರೆ ಅವನೇ ಕೊಡುತ್ತಿದ್ದ.

ಇಲ್ಲಿ ಶನಿವಾರಗಳು ತುಂಬ ಚೆನ್ನಾಗಿ ನಡೆಯುತ್ತಿವೆ.

ಡಿಂಪ್ನಾ


ಕ್ಲೂನ್‌ರೋ
18 ಮಾರ್ಚ್ 1957

ಡಿಂಪ್ನಾ,

ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಜಗಳದ ಕಾಗದ ಬೇಡವೆಂದು ಒಂದು ದಿನ ತಡೆದಿದ್ದೇನೆ.

ಸೆನನ್ ಕಾಲು ಊದಿ ಮಲಗಿದ ಮೂರು ವರ್ಷ ದಿನವೂ ಮಧ್ಯಾಹ್ನ ಅವನ ಊಟದ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಆ ಬೆಟ್ಟ ಹತ್ತಿದ್ದು ಯಾರು? ಅವನ ಕಾಲಿಗೆ ಬಿಸಿನೀರು ಕಾಯಿಸಿದ್ದು ಯಾರು? ನೀನು ಬರುತ್ತಿದ್ದುದು ಭಾನುವಾರ, ಪಿಟೀಲು ಹಿಡಿದು, ತಲೆ ಬಾಚಿಕೊಂಡು. ಮಟ್ಟು ಸಿಕ್ಕಿದ್ದು ನಿನಗೆ. ಒಂದು ದಿನ ಬಾಯಿಬಿಟ್ಟು ಕೇಳಿದೆ, ನನಗೂ ಹೇಳಿಕೊಡು ಅಂತ. ಅವನು ಹಾಸಿಗೆಯಿಂದ ನನ್ನ ಕೈ ಹಿಡಿದುಕೊಂಡು, "ನೀನು ಒಳ್ಳೇವಳು ಕಣಮ್ಮ, ನಿನ್ನ ಕೈ ಅಚ್ಚುಕಟ್ಟು. ಆದ್ರೆ ಈ ಮಟ್ಟು ನುಡಿಸೋಕೆ ಸ್ವಲ್ಪ ಕೆಟ್ಟ ಬುದ್ಧಿ ಬೇಕು, ಅದು ಡಿಂಪ್ನಾಗೆ ಇದೆ" ಅಂದ. ನಗುತ್ತಲೇ ಅಂದ. ನಾನೂ ನಕ್ಕೆ. ಬೆಟ್ಟ ಇಳಿಯುವಾಗ ತಟ್ಟೆಯನ್ನು ಸೆನನ್ನೇ ಕಟ್ಟಿದ ಗೋಡೆಗೆ ಬಡಿದು ಒಡೆದುಹಾಕಿದೆ. ಜಾರಿಬಿತ್ತು ಎಂದು ಅಮ್ಮನಿಗೆ ಹೇಳಿದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಕಳಿಸದಿದ್ದರೆ ಬೇಡ. ರೇಡಿಯೋದವರಿಗೆ ಬೇರೆ ಏನಾದರೂ ನುಡಿಸುತ್ತೇವೆ. ಅವನ ಮಟ್ಟು ನಿನ್ನ ಮಹಡಿ ಕೋಣೆಯಲ್ಲೇ ಇರಲಿ.

ನೋರೀನ್


ಕವೆಂಟ್ರಿ
7 ಏಪ್ರಿಲ್ 1957

ನನ್ನ ಪ್ರೀತಿಯ ನೋರೀನ್,

ನಿನ್ನ ಕಾಗದ ಓದಿ ನಾಚಿಕೆಯಾಯಿತು. ನೀನು ಹೇಳಿದ್ದೆಲ್ಲ ಸರಿ. ಅವನಿಗೆ ಸೇವೆ ಮಾಡಿದವಳು ನೀನೇ, ಅವನ ಹೆಸರು ಉಳಿಸುವ ಹಕ್ಕೂ ನಿನ್ನದೇ.

ಇದರ ಜೊತೆಗಿನ ಹಾಳೆಯಲ್ಲಿ 'ಬಾಗಿಲಲ್ಲಿ ಬಾತುಕೋಳಿ' ಪೂರ್ತಿ ಇದೆ. ಸೆನನ್ ನಮಗೆ ಕಲಿಸಿದಂತೆಯೇ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ ಹಾಕಿ ಬರೆದಿದ್ದೇನೆ. ಎರಡು ಸಲ ಸರಿನೋಡಿದ್ದೇನೆ. ಮೊದಲ ಭಾಗವನ್ನು ಓಡಿಸಬೇಡ, ಬಾತುಕೋಳಿ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಹತ್ತಿರ ತೂಗಾಡುವ ಹಾಗಿರಲಿ. ಎರಡನೇ ಭಾಗದ ನಡುವೆ ಸ್ವರ ತಟಕ್ಕನೆ ಕೆಳಗಿಳಿಯುತ್ತದೆ. ಬರೆದಿರುವ ಹಾಗೆಯೇ ಹಿಡಿ, ನೀನಾಗಿ ತಿದ್ದಲು ಹೋಗಬೇಡ.

ಈಟಾಗೆ ನನ್ನ ನೆನಪು ಹೇಳು. ಅವಳು ಹೇಗೆ ನುಡಿಸುತ್ತಾಳೆಂದು ಕೇಳುವ ಆಸೆಯಾಗಿದೆ.

ಎಂದೆಂದಿಗೂ ನಿನ್ನ
ಡಿಂಪ್ನಾ


ಕ್ಲೂನ್‌ರೋ
19 ಏಪ್ರಿಲ್ 1957, ಶುಭ ಶುಕ್ರವಾರ

ಡಿಂಪ್ನಾ,

ಮಟ್ಟು ಬಂತು. ಕಳಿಸಿದ್ದಕ್ಕೆ ಉಪಕಾರವಾಯಿತು. ಶೋಕದ ದಿನವಾದ ಇವತ್ತು ಪಿಟೀಲು ಮುಟ್ಟುವಂತಿಲ್ಲವಾದ್ದರಿಂದ ಹಾಳೆ ಹಿಡಿದು ಮನಸ್ಸಿನಲ್ಲೇ ನುಡಿಸಿಕೊಂಡು ಕೂತಿದ್ದೇನೆ.

ಒಂದೇ ಪ್ರಶ್ನೆ. ಎರಡನೇ ಭಾಗದಲ್ಲಿ ಕೆಳಗಿಳಿಯುವ ಆ ಜಾಗ ಸರಿಯಾಗಿದೆಯೇ? ಸೆನನ್ ಹಾಗೆಯೇ ನುಡಿಸುತ್ತಿದ್ದನೇ? ಬರೆಯುವ ಗಡಿಬಿಡಿಯಲ್ಲಿ ಯಾರಿಗಾದರೂ ತಪ್ಪಾಗಬಹುದು. ತಪ್ಪಾಗಿದ್ದರೆ ಹೇಳು, ನಾನೇನೂ ಅಂದುಕೊಳ್ಳುವುದಿಲ್ಲ.

ಮನಸ್ಸಿಟ್ಟು ನೋಡಿ ಬರೆ.

ನೋರೀನ್


ಕವೆಂಟ್ರಿ
28 ಏಪ್ರಿಲ್ 1957
(ಪೋಸ್ಟ್ ಕಾರ್ಡ್)

ನೋರೀನ್,
ಸರಿಯಾಗಿಯೇ ಇದೆ. ಅವನು ಹಾಗೆಯೇ ನುಡಿಸುತ್ತಿದ್ದ. ಕೆಲಸ ಜಾಸ್ತಿ, ಹೆಚ್ಚು ಬರೆಯಲಾಗುತ್ತಿಲ್ಲ.
ಡಿಂಪ್ನಾ


ಕ್ಲೂನ್‌ರೋ
27 ಜೂನ್ 1957

ಡಿಂಪ್ನಾ,

ಕಳೆದ ಮಂಗಳವಾರ ರೇಡಿಯೋದವರು ಬಂದಿದ್ದರು. ಹಸಿರು ವ್ಯಾನನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ, ಅಡುಗೆಮನೆಯ ಕಿಟಕಿಯಿಂದ ತಂತಿ ಒಳಗೆ ಬಿಟ್ಟರು. ಫ್ಲಾನ್ ಕೋಳಿಗಳನ್ನು ದೂರದ ಹೊಲಕ್ಕೆ ಅಟ್ಟಿಕೊಂಡು ಹೋದ. ಊರಿನ ಅರ್ಧ ಜನ ಗೋಡೆಯ ಮೇಲೆ ಕೂತಿದ್ದರು, ಕೆಮ್ಮು ಬಂದವರು ಎದ್ದು ಸೇತುವೆ ತನಕ ಹೋಗಿ ಕೆಮ್ಮಿ ಬರುತ್ತಿದ್ದರು.

ಮೂರು ಮಟ್ಟು ನುಡಿಸಿದೆವು. ಮೊದಲ ಎರಡು ಹೇಗೋ ಆದವು. ಮೂರನೆಯದು ಬಾತುಕೋಳಿ. ನೀನು ಬರೆದುಕೊಟ್ಟ ಹಾಗೆಯೇ ನುಡಿಸಿದೆವು, ಒಂದು ಸ್ವರ ಅತ್ತಿತ್ತ ಮಾಡಲಿಲ್ಲ. ಮುಗಿದ ಮೇಲೆ ಯಂತ್ರದ ಹುಡುಗ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆಯದೆ ಹಾಗೆಯೇ ಕೂತಿದ್ದ. ಅವರ ಹಿರಿಯರು ಇನ್ನೊಂದು ಸಲ ನುಡಿಸಿ ಎಂದು ಪ್ರತಿ ಮಟ್ಟಿಗೂ ಕೇಳುವುದು ವಾಡಿಕೆಯಂತೆ, ಇದಕ್ಕೆ ಕೇಳಲಿಲ್ಲ.

ಸೆಪ್ಟೆಂಬರ್ 22, ಭಾನುವಾರ ಸಂಜೆ ಆರಕ್ಕೆ ಪ್ರಸಾರ. ಅಲ್ಲಿಯೂ ಸಿಗುತ್ತದಂತೆ. ನೀನು ಕೇಳಲೇಬೇಕು.

ನೋರೀನ್


ಕವೆಂಟ್ರಿ
22 ಸೆಪ್ಟೆಂಬರ್ 1957

ನೋರೀನ್,

ಈಗಷ್ಟೇ ಕೇಳಿ ಮೇಲೆ ಬಂದೆ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ, ತೆಗೆಯಲು ಹೋದರೆ ಬರೆಯುವ ಧೈರ್ಯ ಹೋಗಿಬಿಡುತ್ತದೆ.

ನಾನು ನಿನಗೆ ಸುಳ್ಳು ಮಟ್ಟು ಕಳಿಸಿದೆ. ಎರಡನೇ ಭಾಗದ ನಡುವೆ ಸ್ವರ ಇಳಿಯುವುದಿಲ್ಲ. ಅಲ್ಲಿ ಅದು ಮೇಲಕ್ಕೆ ಹಾರುತ್ತದೆ. ಸೆನನ್ ಹಾಗೆ ನುಡಿಸುತ್ತಿದ್ದ. ಬೇಕೆಂದೇ ತಿರುಚಿದೆ. ರೇಡಿಯೋದಲ್ಲಿ ನೀವಿಬ್ಬರೂ ಅಲ್ಲಿಗೆ ಬಂದು ಮುಗ್ಗರಿಸಬೇಕು, ಕೇಳಿದವರೆಲ್ಲ ಇದೇನು ಹೀಗಿದೆ ಎನ್ನಬೇಕು, ಆ ಹೆಂಗಸು ಮಾಡಿಟ್ಟ ಎಡವಟ್ಟು ಎಂದು ನೀನು ಅಂದುಕೊಳ್ಳಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ಸರಿಯೇ ಎಂದು ನೀನು ಕೇಳಿದೆ. ಸರಿ ಎಂದು ಇನ್ನೊಮ್ಮೆ ಬರೆದೆ.

ಈ ಸಂಜೆ ಮಿಸೆಸ್ ರೂವೇನ್ ಇಸ್ತ್ರಿ ಹಾಕುತ್ತಿದ್ದರು. ಮನೆಯಲ್ಲಿರುವ ನಾಲ್ವರು ಹುಡುಗಿಯರೂ ರೇಡಿಯೋ ಸುತ್ತ ಕೂತಿದ್ದರು, ನನ್ನ ಗೆಳತಿ ನುಡಿಸುತ್ತಾಳೆ ಎಂದು ನಾನೇ ಜಂಬದಿಂದ ಕರೆದಿದ್ದೆ. ಸೆನನ್ ಹೆಸರು ಹೇಳಿದರು. ಶುರುವಾಯಿತು. ಆ ಜಾಗ ಬಂತು. ನೀವಿಬ್ಬರೂ ಒಟ್ಟಿಗೆ ಕೆಳಗಿಳಿದಿರಿ. ಕತ್ತಲಲ್ಲಿ ಇನ್ನು ಮೆಟ್ಟಿಲಿಲ್ಲ ಎಂದುಕೊಂಡು ಕಾಲಿಟ್ಟರೆ ಕೆಳಗೆ ಇನ್ನೊಂದು ಮೆಟ್ಟಿಲು ಇರುತ್ತದಲ್ಲ, ಹಾಗೆ. ನನ್ನ ಕೈಯ ರೋಮವೆಲ್ಲ ನಿಂತಿತು. ಅದು ಬಂದಿತ್ತು, ನೋರೀನ್. ರೇಡಿಯೋದೊಳಗಿಂದ, ಅಷ್ಟು ದೂರದಿಂದ, ಬಂದಿತ್ತು. ಮಿಸೆಸ್ ರೂವೇನ್ ಅವರ ಇಸ್ತ್ರಿಪೆಟ್ಟಿಗೆ ದಿಂಬಿನ ಬಟ್ಟೆಯನ್ನು ಸುಡುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ನನ್ನನ್ನು ನೋಡಿ, "ಅಲ್ಲಿ ಇಳೀತಲ್ಲ, ಆ ಜಾಗ... ಸತ್ತ ನನ್ನ ತಂಗಿ ಬಾಗಿಲಲ್ಲಿ ಬಂದು ನಿಂತಂಗಾಯ್ತು ಕಣೇ" ಎಂದರು.

ಆಗ ನನಗೆ ಏನನ್ನಿಸಿತೆಂದು ಹೇಳಿದರೆ ನೀನು ನಂಬುವುದಿಲ್ಲ. ಪಶ್ಚಾತ್ತಾಪವಲ್ಲ, ಅದು ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಯುರಿ. ಆ ಜಾಗ ನನ್ನದು, ನಾನು ಮಾಡಿದ್ದು ಎಂದು ಕೂಗಿ ಹೇಳಬೇಕೆನ್ನಿಸಿತು. ಯಾರಿಗೆ ಹೇಳಲಿ? ಏನೆಂದು ಹೇಳಲಿ?

ಇನ್ನೊಂದು ಸುಳ್ಳೂ ಇದೆ. ಶನಿವಾರದ ಹಾಲ್‌ಗೆ ನಾನು ಹೋದದ್ದು ಒಂದೇ ಸಲ, ಅದೂ ಬಾಗಿಲ ತನಕ. ಒಳಗೆ ನೀನಿಲ್ಲವಲ್ಲ ಎಂದು ತಿರುಗಿ ಬಂದೆ. ಬಂದಾಗಿನಿಂದ ಪಿಟೀಲಿನ ಪೆಟ್ಟಿಗೆ ಮಂಚದ ಕೆಳಗಿದೆ. ತೆಗೆದಿಲ್ಲ.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಡಿಂಪ್ನಾ


ಕ್ಲೂನ್‌ರೋ
9 ಅಕ್ಟೋಬರ್ 1957

ಡಿಂಪ್ನಾ,

ಎರಡು ವಾರ ಸುಮ್ಮನಿದ್ದೆ. ಸ್ವಲ್ಪ ನರಳಲಿ ಎಂದೇ ಸುಮ್ಮನಿದ್ದೆ.

ನನಗೆ ಗೊತ್ತಿತ್ತು. ಶುಭ ಶುಕ್ರವಾರ ಹಾಳೆ ನೋಡಿದ ತಕ್ಷಣ ಗೊತ್ತಾಯಿತು. ಸೆನನ್ ನನಗೆ ಆ ಮಟ್ಟು ಕಲಿಸಲಿಲ್ಲ ನಿಜ, ಆದರೆ ನಾನು ತಟ್ಟೆ ಇಟ್ಟು ಹೊರಟ ಮೇಲೆ ಉಣ್ಣುತ್ತಾ ಅದನ್ನೇ ಬಾಯಲ್ಲಿ ಗುನುಗುತ್ತಿದ್ದ. ನಾನು ಗೋಡೆಯ ಆಚೆ ನಿಂತು ಕೇಳುತ್ತಿದ್ದೆ. ಕಳ್ಳಿಯ ಹಾಗೆ. ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು ಗುನುಗಿದರೆ ಎಲ್ಲ ಸ್ವರ ಎಲ್ಲಿ ತಿಳಿಯುತ್ತದೆ? ಅರ್ಧ ಸಿಕ್ಕಿತು, ಅರ್ಧ ಇಲ್ಲ. ಅದಕ್ಕೇ ನಿನ್ನನ್ನು ಕೇಳಿದ್ದು. ಆದರೆ ಆ ಜಾಗದಲ್ಲಿ ಸ್ವರ ಮೇಲಕ್ಕೆ ಹೋಗುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು, ಅಲ್ಲಿ ಅವನಿಗೆ ಕೆಮ್ಮು ಬಂದುಬಿಡುತ್ತಿತ್ತು.

ನೀನೇ ಹೇಳಲಿ ಎಂದು ಆವತ್ತು ಕೇಳಿದೆ. ತಪ್ಪಿಸಿಕೊಳ್ಳಲು ದಾರಿಯನ್ನೂ ಬಿಟ್ಟುಕೊಟ್ಟೆ. ನೀನು ಕಾರ್ಡಿನಲ್ಲಿ ಎರಡು ಸಾಲು ಗೀಚಿ ಕಳಿಸಿದೆ.

ಗೊತ್ತಿದ್ದೂ ಏಕೆ ನುಡಿಸಿದೆ ಎಂದು ಕೇಳುತ್ತೀಯ. ನಾನು ಸೆನನ್ ಹೇಳಿದಷ್ಟು ಒಳ್ಳೆಯವಳಲ್ಲ. ಇಡೀ ದೇಶ ಕೇಳುವಾಗ ನಿನ್ನ ಸುಳ್ಳು ನಿನ್ನ ಕಿವಿಗೇ ಬೀಳಲಿ, ಕೂತ ಜಾಗದಲ್ಲೇ ಬೇಯಲಿ ಎಂದು ನುಡಿಸಿದೆ. ಸರಿಯಾದ ತಿರುವು ಈ ಊರಿನಲ್ಲಿ ನನ್ನೊಬ್ಬಳ ಹತ್ತಿರವೇ ಇರಲಿ ಎನ್ನುವ ಆಸೆಯೂ ಇತ್ತು. ಹದಿನೇಳು ವರ್ಷ ನಿನ್ನ ಪಕ್ಕದಲ್ಲಿ ಕೂತು, ಜನ ನಿನ್ನನ್ನು ನೋಡಿದ ಮೇಲೆ ಮಿಕ್ಕ ಕಣ್ಣಲ್ಲಿ ನನ್ನನ್ನು ನೋಡುವುದನ್ನು ಸಹಿಸಿದ್ದೇನೆ. ನೀನು ಊರು ಬಿಟ್ಟ ದಿನ ಅತ್ತೆ. ಅಳು ಮುಗಿದ ಮೇಲೆ, ಈಗ ನಾನೊಬ್ಬಳೇ ಎಂದು ಸ್ವಲ್ಪ ಹಗುರವೂ ಆಯಿತು.

ಈಟಾಗೆ ಮೊದಲೇ ಹೇಳಿದ್ದೆ, ಡಿಂಪ್ನಾ ಇದನ್ನು ಬೇಕೆಂದೇ ಕೆಡಿಸಿದ್ದಾಳೆ ಎಂದು. ಅವರು ಅಂಗಡಿಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ಆ ನಾಲ್ಕು ಸ್ವರವನ್ನು ಮೆಲ್ಲಗೆ ನುಡಿಸಿ ನೋಡಿದರು. ಇನ್ನೊಮ್ಮೆ ನುಡಿಸಿದರು. ಕೊನೆಗೆ, "ಕೆಡಿಸ್ಬೇಕು ಅಂತ ಕೂತಾಗ್ಲೂ ಆ ಹುಡುಗಿ ಕೈಯಲ್ಲಿ ಚೆನ್ನಾಗಿರೋದೇ ಬಂದಿದೆ, ನೋಡಮ್ಮ. ನಾನು ನೂರು ವರ್ಷ ಕೂತ್ರೂ ಇದು ಬರಲ್ಲ" ಎಂದರು. ಅವರಿಗೆ ನಿನ್ನ ಮೇಲೆ ಒಂದಿಷ್ಟೂ ಕೋಪವಿರಲಿಲ್ಲ. ನನಗೆ ಎಷ್ಟು ಉರಿಯಿತೆಂದರೆ ಅವತ್ತು ಕೊಂಡ ಸಾಬೂನನ್ನು ಕಟ್ಟೆಯ ಮೇಲೇ ಬಿಟ್ಟು ಬಂದೆ. ಇಲ್ಲಿಲ್ಲದಿರುವಾಗಲೂ ನೀನೇ ಹೊಗಳಿಸಿಕೊಳ್ಳುತ್ತೀಯಲ್ಲ.

ರೇಡಿಯೋದವರ ಮುಂದೆ ನುಡಿಸುವಾಗ ನನ್ನ ಮನಸ್ಸಿನಲ್ಲಿ ವಿಷ ಬಿಟ್ಟು ಬೇರೇನೂ ಇರಲಿಲ್ಲ. ಆ ಇಳಿಜಾರಿಗೆ ಬಂದಾಗ ಅದು ಬಂತು. ನನ್ನ ಮನಸ್ಸು ಸರಿಯಿಲ್ಲ, ನಿನ್ನ ಬರಹ ಸರಿಯಿಲ್ಲ, ಆದರೂ ಬಂತು. ಬರುವ ಮೊದಲು ಅದು ಯಾರ ಗುಣವನ್ನೂ ವಿಚಾರಿಸುವುದಿಲ್ಲ ಎಂದು ಕಾಣುತ್ತದೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋಗಿದೆ ಎಂದು ತಿಳಿಯಬೇಡ. ಮಂಚದ ಕೆಳಗಿರುವುದನ್ನು ತೆಗೆ. ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ.

ನೋರೀನ್


ಕವೆಂಟ್ರಿ
3 ನವೆಂಬರ್ 1957

ನೋರೀನ್,

ತೆಗೆದೆ. ಮೂರು ತಂತಿ ಉಳಿದಿತ್ತು, ಒಂದು ಹೊಸದು ಹಾಕಿಸಿದೆ. ಇವತ್ತು ಚರ್ಚಿನ ಪೂಜೆಯಿಂದ ಬಂದ ಮೇಲೆ ಮಿಸೆಸ್ ರೂವೇನ್ ಅವರ ಹಿತ್ತಿಲ ಕೋಣೆಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ಕೂತು ಬಾತುಕೋಳಿ ನುಡಿಸಲು ನೋಡಿದೆ. ಸೆನನ್ ನುಡಿಸುತ್ತಿದ್ದ ಹಾಗೆ, ಸರಿಯಾಗಿ.

ಬರಲಿಲ್ಲ. ಮೊದಲ ಭಾಗ ಬಂತು. ಎರಡನೆಯದರ ನಡುವಿಗೆ ಬಂದರೆ ಕೈ ತಾನಾಗಿ ಕೆಳಗಿಳಿಯುತ್ತದೆ. ನಿಲ್ಲಿಸಿ, ಮೊದಲಿನಿಂದ ಶುರು ಮಾಡಿ, ಇಪ್ಪತ್ತು ಸಲ ನೋಡಿದೆ. ಮೇಲೆ ಹಾರುತ್ತಿತ್ತು ಎಂದು ಗೊತ್ತು, ಎಲ್ಲಿಗೆ ಹಾರುತ್ತಿತ್ತು ಎಂದು ಗೊತ್ತಿಲ್ಲ. ಸೆನನ್ ನನಗೆಂದೇ ಕೊಟ್ಟದ್ದನ್ನು ನಾನೇ ಅಳಿಸಿಹಾಕಿಕೊಂಡಿದ್ದೇನೆ. ಒಣಹಾಕಿದ ಹೊದಿಕೆಗೆ ಮುಖ ಒತ್ತಿಕೊಂಡು ಅತ್ತೆ. ನೀನು ನೋಡಿದ್ದರೆ ನಿನ್ನ ಸಿಟ್ಟು ಸ್ವಲ್ಪವಾದರೂ ಇಳಿಯುತ್ತಿತ್ತು.

ಈಗ ಅದು ಇರುವುದು ನಿನ್ನ ಹತ್ತಿರ ಮಾತ್ರ. ಅರ್ಧಂಬರ್ಧ, ಆಲೂಗಡ್ಡೆ ತುಂಬಿದ ಬಾಯಿಂದ ಕೇಳಿದ್ದು, ಕೆಮ್ಮಿನ ಸಮೇತ. ಕಾಗದದಲ್ಲಿ ಬರೆದು ಕಳಿಸಬೇಡ. ಕಾಗದದ ಮೇಲೆ ನಮ್ಮಿಬ್ಬರಿಗೂ ನಂಬಿಕೆಯಿಲ್ಲ. ಕಾರ್ಖಾನೆಗೆ ಕ್ರಿಸ್‌ಮಸ್‌ಗೆ ಹತ್ತು ದಿನ ರಜೆಯಿದೆ. ಶುಕ್ರವಾರ 20ರ ಹಡಗು ಹಿಡಿಯುತ್ತೇನೆ. ಬಾಯಲ್ಲಿ ಗುನುಗಿ ತೋರಿಸು. ನಿನ್ನಿಂದ ಕಲಿಯಬೇಕಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತದೆ, ಅದನ್ನು ನೀನು ಕಣ್ಣಾರೆ ನೋಡಬಹುದು. ಅದಕ್ಕಾದರೂ ಒಪ್ಪಿಕೋ.

ಈಟಾ ನನ್ನ ಬಗ್ಗೆ ಹಾಗೆ ಹೇಳಿದ್ದು ಓದಿ ಅವರನ್ನು ಇನ್ನೂ ದ್ವೇಷಿಸಲು ಎಷ್ಟು ಪ್ರಯತ್ನಪಟ್ಟೆನೆಂದು ದೇವರಿಗೇ ಗೊತ್ತು. ಅವರನ್ನೂ ಬರಲು ಹೇಳು. ಆ ಇಳಿಜಾರನ್ನು ಅವರು ನುಡಿಸುವಾಗ ಹತ್ತಿರದಿಂದ ಕೇಳಬೇಕು.

ಆದರೆ ಮೊದಲ ದಿನ ಬೇಡ. ಅವರು ಎರಡನೇ ದಿನ ಬರಲಿ.

ಡಿಂಪ್ನಾ